ರಾಷ್ಟ್ರಪತಿ ಪದವಿ: ಅರ್ಹತೆ, ಅವಧಿ, ಉತ್ತರಾಧಿಕಾರ

ನಮ್ಮ ರಾಜ್ಯಾಂಗದ 52ನೆಯ ವಿಧಿ ಬಹು ಚಿಕ್ಕದು. ಭಾರತಕ್ಕೆ ಒಬ್ಬ ರಾಷ್ಟ್ರಪತಿ ಇರತಕ್ಕದ್ದು ಎಂದಷ್ಟೇ ಅದು ಹೇಳುತ್ತದೆ. ರಾಜ್ಯಶಾಸ್ತ್ರದ ವಿದ್ಯಾರ್ಥಿಗಳಾದ ನಾವು ಅದನ್ನು ಒಂದೇ ಉಸಿರಿನಲ್ಲಿ ಓದಿ ಮುಂದಕ್ಕೆ ಸಾಗುತ್ತೇವೆ. ಆದರೆ ‘ಇರತಕ್ಕದ್ದು’ ಎಂಬ ಆ ಒಂದು ಮಾತನ್ನು ಉಳಿಸಿಕೊಳ್ಳುವುದಕ್ಕಾಗಿ ರಾಜ್ಯಾಂಗವು 71ನೆಯ ವಿಧಿಯವರೆಗೂ ಒಂದರ ಮೇಲೊಂದು ಏರ್ಪಾಡನ್ನು ಮಾಡಬೇಕಾಯಿತು. ಆ ಪದವಿಗೆ ಯಾರು ಬರಬಹುದು, ಬಂದವರು ಎಷ್ಟು ಕಾಲ ಇರಬಹುದು, ಇದ್ದವರು ಇಲ್ಲವಾದರೆ ಮುಂದೇನು ಎಂಬ ಮೂರು ಪ್ರಶ್ನೆಗಳಿಗೆ ಈ ವಿಧಿಗಳು ಉತ್ತರ ಕೊಡುತ್ತವೆ.

ಹಾಸ್ಟೆಲಿನ ಹರಟೆಯಲ್ಲಿಯೂ ಚರ್ಚಾಕೂಟದಲ್ಲಿಯೂ ನಾನು ಮತ್ತೆ ಮತ್ತೆ ಕೇಳಿರುವ ಒಂದು ಆಕ್ಷೇಪಣೆಯುಂಟು. ರಾಷ್ಟ್ರಪತಿಗಳು ಮಂತ್ರಿಮಂಡಲದ ಸಲಹೆಯಂತೆ ನಡೆಯತಕ್ಕವರು. ಅವರಿಗೆ ಸ್ವಂತ ಅಧಿಕಾರವೇ ಇಲ್ಲವೆಂದ ಮೇಲೆ ಆ ಪೀಠದಲ್ಲಿ ಯಾರು ಕುಳಿತರೇನು, ಎಷ್ಟು ವರ್ಷ ಕುಳಿತರೇನು, ಎಂಬುದೇ ಆ ಆಕ್ಷೇಪಣೆ. ಇದನ್ನು ಹಾಸ್ಯವೆಂದು ತಳ್ಳಿಹಾಕುವುದು ಸರಿಯಲ್ಲ. ಉತ್ತರ ಹೇಳಬೇಕಾದರೆ ನಿಯಮಗಳ ಪಟ್ಟಿಯನ್ನು ಒಪ್ಪಿಸಿದರೆ ಸಾಲದು. ಆ ನಿಯಮಗಳು ನಿಜವಾದ ಸಂಕಟದ ದಿನಗಳಲ್ಲಿ ಹೇಗೆ ನಡೆದುಕೊಂಡವು ಎಂಬುದನ್ನು ನೋಡಬೇಕು. ನನಗೆ ತೋರುವಂತೆ ಈ ನಿಯಮಗಳೆಲ್ಲ ಎರಡು ಅಪಾಯಗಳನ್ನು ತಡೆಯುವುದಕ್ಕಾಗಿ ಇವೆ. ಪೀಠವು ಒಂದು ದಿನವೂ ಬರಿದಾಗಿರಬಾರದು ಎಂಬುದು ಒಂದು. ಅದು ಯಾರೊಬ್ಬರ ಸ್ವಂತ ಸ್ವತ್ತೂ ಆಗಬಾರದು ಎಂಬುದು ಮತ್ತೊಂದು.

ಅರ್ಹತೆ

58ನೆಯ ವಿಧಿಯ ಪ್ರಕಾರ ರಾಷ್ಟ್ರಪತಿಯಾಗಬೇಕಾದವರು ಭಾರತದ ಪ್ರಜೆಯಾಗಿರಬೇಕು. 35 ವರ್ಷ ವಯಸ್ಸು ತುಂಬಿರಬೇಕು. ಲೋಕಸಭೆಯ ಸದಸ್ಯತ್ವಕ್ಕೆ ಬೇಕಾದ ಅರ್ಹತೆಯನ್ನು ಪಡೆದಿರಬೇಕು. ಸರ್ಕಾರದ ಅಧೀನದಲ್ಲಿ ಲಾಭದಾಯಕವಾದ ಹುದ್ದೆಯಲ್ಲಿ ಇರಕೂಡದು. ಆದರೆ ರಾಷ್ಟ್ರಪತಿ, ಉಪರಾಷ್ಟ್ರಪತಿ, ರಾಜ್ಯಪಾಲ ಮತ್ತು ಮಂತ್ರಿ ಪದವಿಗಳನ್ನು ಈ ಮಾತಿಗೆ ಲಾಭದಾಯಕ ಹುದ್ದೆಗಳೆಂದು ಎಣಿಸುವುದಿಲ್ಲ. ಹಾಗೆ ಎಣಿಸಿದ್ದರೆ ಪದವಿಯಲ್ಲಿರುವ ರಾಷ್ಟ್ರಪತಿಗಳೇ ಮತ್ತೊಮ್ಮೆ ಚುನಾವಣೆಗೆ ನಿಲ್ಲುವಂತಿರಲಿಲ್ಲ. ಇದಲ್ಲದೆ 59ನೆಯ ವಿಧಿಯಂತೆ ರಾಷ್ಟ್ರಪತಿಗಳು ಯಾವ ಶಾಸನಸಭೆಯ ಸದಸ್ಯರೂ ಆಗಿರುವಂತಿಲ್ಲ. ಸದಸ್ಯರೊಬ್ಬರು ಆರಿಸಿಬಂದರೆ ಅಧಿಕಾರ ವಹಿಸಿಕೊಂಡ ದಿನವೇ ಅವರ ಸದಸ್ಯ ಸ್ಥಾನ ತೆರವಾಗುತ್ತದೆ.

ಈ ಪಟ್ಟಿಯಲ್ಲಿ ಏನಿದೆ ಎಂಬುದಕ್ಕಿಂತ ಏನಿಲ್ಲ ಎಂಬುದನ್ನು ಗಮನಿಸುವುದು ಹೆಚ್ಚು ಬೋಧಪ್ರದ. ಪದವಿ ಪರೀಕ್ಷೆ ಪಾಸಾಗಿರಬೇಕೆಂದಿಲ್ಲ. ಆಸ್ತಿ ಇರಬೇಕೆಂದಿಲ್ಲ. ಜಾತಿ, ಮತ, ಭಾಷೆ, ಪ್ರಾಂತ, ಲಿಂಗಗಳ ಸುದ್ದಿಯೇ ಇಲ್ಲ. ಹುಟ್ಟಿನಿಂದಲೇ ಪ್ರಜೆಯಾಗಿರಬೇಕೆಂಬ ನಿರ್ಬಂಧವೂ ಇಲ್ಲ. ಅಮೆರಿಕದ ಸಂಯುಕ್ತ ಸಂಸ್ಥಾನಗಳ ರಾಜ್ಯಾಂಗವು ವಯಸ್ಸಿನ ವಿಷಯದಲ್ಲಿ ನಮ್ಮಂತೆಯೇ 35 ಎಂದು ಹೇಳಿದರೂ, ಅಲ್ಲಿನ ಅಧ್ಯಕ್ಷರು ಹುಟ್ಟಿನಿಂದ ಪ್ರಜೆಯಾಗಿರಬೇಕು, 14 ವರ್ಷ ಆ ದೇಶದಲ್ಲಿ ನೆಲೆಸಿರಬೇಕು ಎಂದು ಕಟ್ಟು ಹಾಕಿದೆ. ದೇಶವಿಭಜನೆಯ ಬಿಸಿ ಆರದ ದಿನಗಳಲ್ಲಿ ನಮ್ಮವರು ಹುಟ್ಟಿದ ಊರನ್ನೇ ಒರೆಗಲ್ಲಾಗಿ ಹಿಡಿದಿದ್ದರೆ, ಲಾಹೋರು ಕರಾಚಿಗಳಲ್ಲಿ ಹುಟ್ಟಿ ಉಟ್ಟ ಬಟ್ಟೆಯಲ್ಲಿ ಇತ್ತ ಬಂದವರ ಪಾಡೇನಾಗುತ್ತಿತ್ತು ಎಂದು ಯೋಚಿಸಿದರೆ ಈ ಔದಾರ್ಯದ ಬೆಲೆ ತಿಳಿಯುತ್ತದೆ.

ಬಾಗಿಲು ಅಗಲವಾಗಿದ್ದುದರಿಂದಲೇ ಕೇರಳದ ಉಳವೂರಿನ ಬಡ ದಲಿತ ಕುಟುಂಬದಲ್ಲಿ ಹುಟ್ಟಿದ ಕೆ. ಆರ್. ನಾರಾಯಣನ್ ಅವರು 1997ರಲ್ಲಿಯೂ, ಒಡಿಶಾದ ಸಂತಾಲ ಸಮುದಾಯದ ದ್ರೌಪದಿ ಮುರ್ಮು ಅವರು 2022ರಲ್ಲಿಯೂ ಆ ಪದವಿಗೆ ಬಂದರು. ಆದರೆ ಅಗಲವಾದ ಬಾಗಿಲಿನಿಂದ ಬರಿಯ ಕುತೂಹಲಿಗಳೂ ನುಗ್ಗುತ್ತಾರೆ. 1967ರ ಚುನಾವಣೆಯಲ್ಲಿ 17 ಮಂದಿ ಅಭ್ಯರ್ಥಿಗಳಿದ್ದರು. ಅವರಲ್ಲಿ 9 ಮಂದಿಗೆ ಒಂದು ಮತವೂ ಬೀಳಲಿಲ್ಲ. ಇಂಥ ಸ್ಪರ್ಧೆಯನ್ನು ತಡೆಯಲು ಪಾರ್ಲಿಮೆಂಟು 1952ರ ಚುನಾವಣಾ ಕಾನೂನನ್ನು 1974ರಲ್ಲಿ ತಿದ್ದಿ, ಮತದಾರರಲ್ಲಿ 10 ಮಂದಿ ಸೂಚಕರೂ 10 ಮಂದಿ ಅನುಮೋದಕರೂ ಬೇಕೆಂದಿತು. 1997ರಲ್ಲಿ ಈ ಸಂಖ್ಯೆ ಐವತ್ತೈವತ್ತಕ್ಕೆ ಏರಿತು. ಠೇವಣಿ 15,000 ರೂಪಾಯಿ ಆಯಿತು. ಇಲ್ಲಿ ಮತದಾರರೆಂದರೆ ಪಾರ್ಲಿಮೆಂಟಿನ ಎರಡು ಸಭೆಗಳ ಮತ್ತು ವಿಧಾನಸಭೆಗಳ ಚುನಾಯಿತ ಸದಸ್ಯರೇ ಹೊರತು ನಾವು ನೀವಲ್ಲ. ಆದ್ದರಿಂದ, ರಾಜ್ಯಾಂಗದ ದೃಷ್ಟಿಯಲ್ಲಿ ಕೋಟ್ಯಂತರ ಜನ ಅರ್ಹರಾದರೂ, ನೂರು ಮಂದಿ ಶಾಸಕರ ಸಹಿಯಿಲ್ಲದೆ ಯಾರ ಹೆಸರೂ ಮತಪತ್ರವನ್ನು ಮುಟ್ಟುವುದಿಲ್ಲ. ಇದು ನ್ಯಾಯವೇ ಎಂದು ಕೆಲವರು ಕೇಳಬಹುದು. ಗೆಲ್ಲುವ ಆಸೆಯಿಲ್ಲದಿದ್ದರೂ ಜನರ ಮುಂದೆ ಒಂದು ವಿಚಾರವನ್ನಿಡಲು ನಿಲ್ಲುವ ಪ್ರಾಮಾಣಿಕನಿಗೂ ಇದರಿಂದ ಅಡ್ಡಿಯಾಗುತ್ತದೆ ಎಂಬುದನ್ನು ಒಪ್ಪಲೇಬೇಕು.

ಅವಧಿ

ಅಧಿಕಾರ ವಹಿಸಿಕೊಂಡ ದಿನದಿಂದ 5 ವರ್ಷ ರಾಷ್ಟ್ರಪತಿಯ ಅವಧಿ. ನಡುವೆ ಬಿಡಬೇಕೆನಿಸಿದರೆ ಉಪರಾಷ್ಟ್ರಪತಿಗೆ ಪತ್ರ ಬರೆದು ರಾಜೀನಾಮೆ ಕೊಡಬಹುದು. ರಾಜ್ಯಾಂಗವನ್ನು ಮುರಿದರೆ 61ನೆಯ ವಿಧಿಯಂತೆ ಮಹಾಭಿಯೋಗ ನಡೆಸಿ ತೆಗೆಯಬಹುದು. ಅದಕ್ಕೆ ಒಂದು ಸಭೆಯ ಕಾಲುಭಾಗ ಸದಸ್ಯರ ಸಹಿಯುಳ್ಳ 14 ದಿನಗಳ ನೋಟೀಸು ಬೇಕು. ಆ ಸಭೆ ಒಟ್ಟು ಸದಸ್ಯರ ಮೂರರಲ್ಲಿ ಎರಡು ಪಾಲಿನ ಬಹುಮತದಿಂದ ಆರೋಪ ಹೊರಿಸಬೇಕು. ಇನ್ನೊಂದು ಸಭೆ ವಿಚಾರಿಸಿ ಅಷ್ಟೇ ಬಹುಮತದಿಂದ ಎತ್ತಿಹಿಡಿಯಬೇಕು. ಇದುವರೆಗೆ ಯಾವ ರಾಷ್ಟ್ರಪತಿಯನ್ನೂ ಹೀಗೆ ತೆಗೆದಿಲ್ಲ.

ಒಬ್ಬರೇ ಎಷ್ಟು ಸಾರಿ ಆರಿಸಿಬರಬಹುದು? 57ನೆಯ ವಿಧಿ ಮರುಚುನಾವಣೆಗೆ ಅವಕಾಶ ಕೊಟ್ಟು ಸುಮ್ಮನಾಗುತ್ತದೆ, ಮಿತಿಯನ್ನು ಹೇಳುವುದಿಲ್ಲ. ಇದು ಮರೆತು ಬಿಟ್ಟದ್ದಲ್ಲ. 1948ರ ಕರಡು ರಾಜ್ಯಾಂಗದಲ್ಲಿ ಒಬ್ಬರಿಗೆ ಮರುಚುನಾವಣೆ ಒಂದೇ ಒಂದು ಬಾರಿ ಎಂಬ ಮಾತಿತ್ತು. ರಾಜ್ಯಾಂಗ ರಚನಾ ಸಭೆಯಲ್ಲಿ ಆ ಮಿತಿ ಕಳಚಿಬಿತ್ತು. ಅದೇ ಕಾಲಕ್ಕೆ ಅಮೆರಿಕ ಇದಕ್ಕೆ ತದ್ವಿರುದ್ಧವಾದ ದಾರಿಯನ್ನು ಹಿಡಿದಿತ್ತು ಎಂಬುದು ಸ್ವಾರಸ್ಯದ ಸಂಗತಿ.

ಅಲ್ಲಿ ವಾಷಿಂಗ್ಟನ್ ಅವರು ಎರಡು ಅವಧಿ ಮುಗಿಸಿ 1797ರಲ್ಲಿ ಮನೆಗೆ ಹೋದರು. ಬರೆದಿಟ್ಟ ನಿಯಮವಿಲ್ಲದಿದ್ದರೂ ಆ ನಡವಳಿಕೆ ಒಂದೂವರೆ ಶತಮಾನದ ಹತ್ತಿರಹತ್ತಿರ ನಿಂತಿತು. ಫ್ರಾಂಕ್ಲಿನ್ ರೂಸ್ವೆಲ್ಟ್ ಅವರು 1932, 1936, 1940, 1944ರಲ್ಲಿ ನಾಲ್ಕು ಬಾರಿ ಆರಿಸಿಬಂದು ಅದನ್ನು ದಾಟಿದರು. 1945ರ ಏಪ್ರಿಲ್ 12ರಂದು ಪದವಿಯಲ್ಲಿದ್ದಾಗಲೇ ತೀರಿಕೊಂಡರು. ಎರಡು ವರ್ಷದೊಳಗೆ ಕಾಂಗ್ರೆಸ್ಸು 22ನೆಯ ತಿದ್ದುಪಡಿಯನ್ನು ರಾಜ್ಯಗಳ ಮುಂದಿಟ್ಟಿತು. 1951ರಲ್ಲಿ ಅದು ಸ್ಥಿರವಾಯಿತು. ಯಾರೂ ಎರಡಕ್ಕಿಂತ ಹೆಚ್ಚು ಬಾರಿ ಅಧ್ಯಕ್ಷರಾಗಿ ಆರಿಸಿಬರುವಂತಿಲ್ಲ. ಇನ್ನೊಬ್ಬರ ಅವಧಿಯಲ್ಲಿ ಎರಡು ವರ್ಷಕ್ಕಿಂತ ಹೆಚ್ಚು ಕಾಲ ಆ ಪದವಿಯಲ್ಲಿ ಇದ್ದವರು ಒಂದೇ ಬಾರಿ ಆರಿಸಿಬರಬಹುದು.

ಹಾಗಾದರೆ ನಮ್ಮವರು ಅಜಾಗರೂಕರಾಗಿದ್ದರೇ? ನನಗೆ ಹಾಗೆ ತೋರುವುದಿಲ್ಲ. ಕಡಿವಾಣವನ್ನು ಕುದುರೆಯ ಬಾಯಿಗೆ ಹಾಕಬೇಕೇ ಹೊರತು ಗಾಡಿಯ ಗಾಲಿಗಲ್ಲ. ಅಮೆರಿಕದ ಅಧ್ಯಕ್ಷರು ತಾವೇ ಆಡಳಿತದ ಮುಖ್ಯಸ್ಥರು. ಅವಧಿ ಮುಗಿಯುವವರೆಗೆ ಅವಿಶ್ವಾಸ ಗೊತ್ತುವಳಿಯಿಂದ ಅವರನ್ನು ಇಳಿಸುವಂತಿಲ್ಲ. ಅಲ್ಲಿ ಕಾಲದ ಮಿತಿಯೇ ದೊಡ್ಡ ಕಡಿವಾಣ. ನಮ್ಮಲ್ಲಿ ಅಧಿಕಾರ ನಡೆಸುವುದು ಮಂತ್ರಿಮಂಡಲ. ಅದು ಲೋಕಸಭೆಗೆ ಹೊಣೆ. ಬಹುಮತ ಹೋದ ದಿನ ಪ್ರಧಾನಮಂತ್ರಿಯ ಪದವಿಯೂ ಹೋಗುತ್ತದೆ. ಆದ್ದರಿಂದಲೇ ಪ್ರಧಾನಮಂತ್ರಿಗೂ ನಮ್ಮ ರಾಜ್ಯಾಂಗ ವರ್ಷಗಳ ಲೆಕ್ಕ ಹಾಕಿಲ್ಲ. ಈ ಏರ್ಪಾಡಿನ ಬಲವೆಲ್ಲ ಲೋಕಸಭೆಯ ಎಚ್ಚರದಲ್ಲಿದೆ. ಸಭೆ ನಿದ್ರಿಸಿದರೆ ಕಾಪಾಡುವುದಕ್ಕೆ ಅವಧಿಯ ಮಿತಿ ಎಂಬ ಎರಡನೆಯ ಬೇಲಿ ಇಲ್ಲ. ಈ ಮಾತನ್ನು ಮುಚ್ಚಿಡದೆ ಒಪ್ಪಿಕೊಂಡೇ ನಮ್ಮ ಪದ್ಧತಿಯನ್ನು ಮೆಚ್ಚಬೇಕು.

ನಡವಳಿಕೆಯಾದರೋ ನಿಯಮಕ್ಕಿಂತ ಬಿಗಿಯಾಗಿಯೇ ಬೆಳೆದಿದೆ. ಬಾಬು ರಾಜೇಂದ್ರ ಪ್ರಸಾದರು 1950ರ ಜನವರಿ 26ರಿಂದ 1962ರ ಮೇ 13ರವರೆಗೆ ರಾಷ್ಟ್ರಪತಿಗಳಾಗಿದ್ದರು. 1952ರಲ್ಲಿಯೂ 1957ರಲ್ಲಿಯೂ ಆರಿಸಿಬಂದರು. ಅವರ ತರುವಾಯ ಎರಡನೆಯ ಬಾರಿ ಆರಿಸಿಬಂದವರು ಒಬ್ಬರೂ ಇಲ್ಲ. ಒಂದು ಕಾಲದಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ರಾಧಾಕೃಷ್ಣನ್ ಅವರೂ 1962ರಿಂದ 1967ರವರೆಗೆ ಒಂದೇ ಅವಧಿಯನ್ನು ಪೂರೈಸಿ ನಿವೃತ್ತರಾದರು.

ಉತ್ತರಾಧಿಕಾರ

ಅರಸೊತ್ತಿಗೆಯಲ್ಲಿ ದೊರೆ ತೀರಿಕೊಂಡರೆ ಯುವರಾಜನಿಗೆ ಪಟ್ಟವಾಗುತ್ತದೆ. ಗಣರಾಜ್ಯದಲ್ಲಿ ಪಟ್ಟದ ಕುಮಾರನಿಲ್ಲ. ಆ ಕೆಲಸವನ್ನು ಕಾನೂನೇ ಮಾಡಬೇಕು. 62ನೆಯ ವಿಧಿ ಎರಡು ಸಂದರ್ಭಗಳನ್ನು ಬೇರೆಮಾಡಿದೆ. ಅವಧಿ ಮುಗಿಯುವುದರಿಂದ ಪದವಿ ತೆರವಾಗುವುದಾದರೆ ಅದಕ್ಕೆ ಮುಂಚೆಯೇ ಚುನಾವಣೆ ಮುಗಿದಿರಬೇಕು. 1974ರಲ್ಲಿ ಗುಜರಾತಿನ ವಿಧಾನಸಭೆ ವಿಸರ್ಜನೆಯಾಗಿದ್ದಾಗ ಚುನಾವಣೆ ನಡೆಸಬಹುದೇ ಎಂಬ ಸಂಶಯ ಬಂದು, ಪ್ರಶ್ನೆಯನ್ನು ಸುಪ್ರೀಂ ಕೋರ್ಟಿನ ಅಭಿಪ್ರಾಯಕ್ಕೆ ಕಳಿಸಲಾಯಿತು. ಮತದಾರ ವರ್ಗದಲ್ಲಿ ಕೆಲವು ಸ್ಥಾನಗಳು ಖಾಲಿ ಇದ್ದರೂ ಅವಧಿಯೊಳಗೆ ಚುನಾವಣೆ ಮುಗಿಯಲೇಬೇಕು ಎಂದು ಕೋರ್ಟು ತಿಳಿಸಿತು. ಮರಣ, ರಾಜೀನಾಮೆ ಅಥವಾ ಪದಚ್ಯುತಿಯಿಂದ ತೆರವಾದರೆ ಆರು ತಿಂಗಳೊಳಗೆ ಚುನಾವಣೆ ನಡೆಯಬೇಕು. ಅಲ್ಲಿಯವರೆಗೆ 65ನೆಯ ವಿಧಿಯಂತೆ ಉಪರಾಷ್ಟ್ರಪತಿಗಳು ರಾಷ್ಟ್ರಪತಿಯಾಗಿ ಕೆಲಸ ಮಾಡುತ್ತಾರೆ. ಹೊಸದಾಗಿ ಆರಿಸಿಬಂದವರಿಗೆ ಉಳಿದ ಚೂರು ಅವಧಿಯಲ್ಲ, ಪೂರ್ತಿ ಐದು ವರ್ಷ ದೊರೆಯುತ್ತದೆ.

ಅಮೆರಿಕದಲ್ಲಿ ಈ ವಿಷಯ ಬಹುಕಾಲ ಮಸುಕಾಗಿತ್ತು. 1841ರಲ್ಲಿ ಅಧ್ಯಕ್ಷ ಹ್ಯಾರಿಸನ್ನರು ಅಧಿಕಾರಕ್ಕೆ ಬಂದ ಒಂದೇ ತಿಂಗಳಿಗೆ ತೀರಿಕೊಂಡಾಗ ಉಪಾಧ್ಯಕ್ಷ ಟೈಲರರು, ತಾವು ಹಂಗಾಮಿಯಲ್ಲ, ಪೂರ್ಣ ಅಧ್ಯಕ್ಷರೇ ಎಂದು ಪಟ್ಟುಹಿಡಿದು ಕುಳಿತರು. ಅವರು ಹಾಕಿದ ದಾರಿಯಲ್ಲೇ ಮುಂದಿನವರು ನಡೆದರು. ರಾಜ್ಯಾಂಗದಲ್ಲಿ ಅದು ಸ್ಪಷ್ಟವಾದುದು 1967ರ 25ನೆಯ ತಿದ್ದುಪಡಿಯಿಂದ. ಅದೇ ತಿದ್ದುಪಡಿ ಖಾಲಿಯಾದ ಉಪಾಧ್ಯಕ್ಷ ಸ್ಥಾನವನ್ನು ತುಂಬುವ ಬಗೆಯನ್ನೂ ಹೇಳಿತು. ಅದರಂತೆ 1973ರಲ್ಲಿ ಉಪಾಧ್ಯಕ್ಷರಾದ ಜೆರಾಲ್ಡ್ ಫೋರ್ಡರು, 1974ರಲ್ಲಿ ನಿಕ್ಸನ್ನರು ರಾಜೀನಾಮೆ ಕೊಟ್ಟಾಗ ಅಧ್ಯಕ್ಷರಾದರು. ಆ ಎರಡು ಪದವಿಗಳಲ್ಲಿ ಯಾವುದಕ್ಕೂ ಅವರು ಚುನಾವಣೆಯಿಂದ ಬಂದವರಲ್ಲ. ನಮ್ಮಲ್ಲಿ ಹೀಗಾಗುವುದು ಸಾಧ್ಯವಿಲ್ಲ. ನಮ್ಮ ಉಪರಾಷ್ಟ್ರಪತಿ ಮನೆ ಕಾಯುವವರೇ ಹೊರತು ಮನೆಗೆ ಹಕ್ಕುದಾರರಲ್ಲ.

ಆದರೆ ಮನೆ ಕಾಯುವವರೂ ಇಲ್ಲದಿದ್ದರೆ? ಈ ಪ್ರಶ್ನೆಗೆ ರಾಜ್ಯಾಂಗ ನೇರವಾದ ಉತ್ತರ ಕೊಟ್ಟಿರಲಿಲ್ಲ. ಅಂಥ ಸಂದರ್ಭಗಳಿಗೆ ಪಾರ್ಲಿಮೆಂಟು ಏರ್ಪಾಡು ಮಾಡಬಹುದೆಂದು 70ನೆಯ ವಿಧಿಯಲ್ಲಿ ಹೇಳಿತ್ತು. ಹತ್ತೊಂಬತ್ತು ವರ್ಷ ಅಂಥ ಕಾನೂನು ಆಗಲೇ ಇಲ್ಲ. 1969ರ ಮೇ 3ರಂದು ರಾಷ್ಟ್ರಪತಿ ಡಾ. ಜಾಕಿರ್ ಹುಸೇನರು ಪದವಿಯಲ್ಲಿದ್ದಾಗಲೇ ತೀರಿಕೊಂಡರು. ಉಪರಾಷ್ಟ್ರಪತಿ ವಿ. ವಿ. ಗಿರಿಯವರು ಕಾರ್ಯಭಾರ ವಹಿಸಿಕೊಂಡರು. ಅವರಿಗೂ ಏನಾದರೂ ಆದರೆ ಮುಂದೆ ಯಾರು ಎಂಬ ಪ್ರಶ್ನೆ ಆಗ ಇಡೀ ದೇಶದ ಮುಂದೆ ನಿಂತಿತು. ಬೆಂಕಿ ಬಿದ್ದಾಗ ಬಾವಿ ತೋಡಬಾರದೆಂಬ ಎಚ್ಚರ ಕೊನೆಗೂ ಬಂದು, ಮೇ 28ರಂದು ಕಾನೂನು ಜಾರಿಗೆ ಬಂತು: ಎರಡು ಸ್ಥಾನಗಳೂ ತೆರವಾದರೆ ಭಾರತದ ಮುಖ್ಯ ನ್ಯಾಯಾಧೀಶರು, ಅವರಿಲ್ಲದಿದ್ದರೆ ಸುಪ್ರೀಂ ಕೋರ್ಟಿನಲ್ಲಿ ಲಭ್ಯರಿರುವ ಅತ್ಯಂತ ಹಿರಿಯ ನ್ಯಾಯಾಧೀಶರು, ರಾಷ್ಟ್ರಪತಿಯ ಕಾರ್ಯಗಳನ್ನು ನಿರ್ವಹಿಸತಕ್ಕದ್ದು.

ಎರಡು ತಿಂಗಳು ತುಂಬುವುದರೊಳಗೆ ಆ ಬಾವಿಯ ನೀರು ಬೇಕಾಯಿತು. ತಾವೇ ರಾಷ್ಟ್ರಪತಿ ಚುನಾವಣೆಗೆ ನಿಲ್ಲಬೇಕೆಂದು ಗಿರಿಯವರು ಜುಲೈ 20ರಂದು ರಾಜೀನಾಮೆ ಕೊಟ್ಟರು. ಹಿಂದಿನ ದಿನವೇ, ಅಂದರೆ ಜುಲೈ 19ರಂದು, ಅವರು ಹಾಕಿದ ಒಂದು ಸಹಿಯಿಂದ 14 ದೊಡ್ಡ ಬ್ಯಾಂಕುಗಳು ರಾಷ್ಟ್ರೀಕರಣವಾಗಿದ್ದವು. ನಮ್ಮ ಕರಾವಳಿಯಲ್ಲಿ ಹುಟ್ಟಿ ಬೆಳೆದ ಕೆನರಾ ಬ್ಯಾಂಕು, ಸಿಂಡಿಕೇಟ್ ಬ್ಯಾಂಕುಗಳೂ ಅವುಗಳಲ್ಲಿ ಸೇರಿದ್ದವು. ಗಿರಿಯವರ ತರುವಾಯ ಮುಖ್ಯ ನ್ಯಾಯಾಧೀಶ ಎಂ. ಹಿದಾಯತುಲ್ಲಾ ಅವರು ರಾಷ್ಟ್ರಪತಿಯ ಪೀಠದಲ್ಲಿ ಕುಳಿತರು. ಆಗಸ್ಟ್ 9ರಂದು, ಸುಗ್ರೀವಾಜ್ಞೆಯ ಸ್ಥಾನದಲ್ಲಿ ಬಂದ ಬ್ಯಾಂಕುಗಳ ಮಸೂದೆಗೆ ಅಂಗೀಕಾರದ ಸಹಿ ಹಾಕಿದವರು ಅವರೇ. ಆಗಸ್ಟಿನ ಚುನಾವಣೆಯಲ್ಲಿ ಮೊದಲ ಪ್ರಾಶಸ್ತ್ಯದ ಮತಗಳು ಯಾರಿಗೂ ಸಾಲದೆ, ಮುಂದಿನ ಪ್ರಾಶಸ್ತ್ಯಗಳನ್ನು ಎಣಿಸಿದ ಮೇಲೆ ಗಿರಿಯವರು ನೀಲಂ ಸಂಜೀವ ರೆಡ್ಡಿಯವರನ್ನು ಸೋಲಿಸಿದರು. ಆಗಸ್ಟ್ 24ರಂದು ಪ್ರಮಾಣವಚನ ಸ್ವೀಕರಿಸಿದರು.

ಮೇಲ್ನೋಟಕ್ಕೆ ಎಲ್ಲವೂ ಸುಸೂತ್ರವಾಯಿತು. ಆದರೆ ಇಲ್ಲಿ ಒಂದು ತೊಡಕನ್ನು ಕಾಣದಿರಲಾಗದು. ರಾಷ್ಟ್ರಪತಿಯ ಸ್ಥಾನದಲ್ಲಿ ಕುಳಿತು ಯಾವ ಕಾನೂನಿಗೆ ಮುಖ್ಯ ನ್ಯಾಯಾಧೀಶರು ಸಹಿ ಮಾಡಿದರೋ ಆ ಕಾನೂನು ಅವರದೇ ನ್ಯಾಯಾಲಯದ ಮುಂದೆ ಬಂತು. 1970ರ ಫೆಬ್ರವರಿ 10ರಂದು 11 ಮಂದಿ ನ್ಯಾಯಾಧೀಶರ ಪೀಠ, ಒಬ್ಬರ ಭಿನ್ನಾಭಿಪ್ರಾಯದೊಡನೆ, ಅದನ್ನು ಅಸಿಂಧುವೆಂದು ಸಾರಿತು. ಹಿದಾಯತುಲ್ಲಾ ಅವರು ಆ ಪೀಠದಲ್ಲಿ ಇರಲಿಲ್ಲ. ಆಡಳಿತದ ಸಹಿಯನ್ನೂ ನ್ಯಾಯದ ತಕ್ಕಡಿಯನ್ನೂ ಕೆಲವು ದಿನಗಳ ಮಟ್ಟಿಗಾದರೂ ಒಂದೇ ಕೈಗೆ ಕೊಡುವುದು ಉಚಿತವೇ ಎಂಬ ಪ್ರಶ್ನೆ ಹೀಗೆ ಉಳಿಯುತ್ತದೆ. ನನ್ನ ಮಟ್ಟಿಗೆ, ಪಕ್ಷರಾಜಕೀಯಕ್ಕೆ ಹೊರಗಿನ ಒಬ್ಬರು ಅಲ್ಪಕಾಲ ಆ ಪೀಠವನ್ನು ಕಾಯುವುದು ಮೇಲು. ಆದರೆ ಆ ಕಾಲ ಎಷ್ಟು ಚಿಕ್ಕದಾದರೆ ಅಷ್ಟು ಕ್ಷೇಮ.

ಕನ್ನಡಿಗರೊಬ್ಬರ ಪಾಲಿಗೆ ಬಂದ ಪರೀಕ್ಷೆ

ಇದೇ ನಿಯಮ ಮತ್ತೊಮ್ಮೆ ಪರೀಕ್ಷೆಗೆ ಒಳಗಾದುದು 1977ರಲ್ಲಿ. ಫೆಬ್ರವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದರು ತೀರಿಕೊಂಡರು. ಉಪರಾಷ್ಟ್ರಪತಿಗಳಾಗಿದ್ದವರು ಜಮಖಂಡಿ ತಾಲ್ಲೂಕಿನ ಸಾವಳಗಿಯವರೂ, 1958ರಿಂದ 1962ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾಗಿದ್ದವರೂ ಆದ ಬಿ. ಡಿ. ಜತ್ತಿಯವರು. ಆಗ ದೇಶದಲ್ಲಿ ತುರ್ತುಪರಿಸ್ಥಿತಿ. ಲೋಕಸಭೆಗೆ ಚುನಾವಣೆ ಗೊತ್ತಾಗಿತ್ತು. ಮಾರ್ಚ್ 21ರಂದು 1975ರ ತುರ್ತುಪರಿಸ್ಥಿತಿಯ ಘೋಷಣೆ ರದ್ದಾಯಿತು. ಮಾರ್ಚ್ 24ರಂದು ಮೊರಾರ್ಜಿ ದೇಸಾಯಿಯವರಿಗೆ ಪ್ರಧಾನಮಂತ್ರಿಯ ಪ್ರಮಾಣವಚನ ಬೋಧಿಸಿದವರು ಜತ್ತಿಯವರು. ಸ್ವಾತಂತ್ರ್ಯ ಬಂದಂದಿನಿಂದ ಕೇಂದ್ರದಲ್ಲಿ ಆಳಿದ ಪಕ್ಷ ಮೊದಲ ಬಾರಿಗೆ ಇಳಿದು ಬೇರೊಂದು ಪಕ್ಷ ಏರಿದ ಆ ಗಳಿಗೆಯಲ್ಲಿ ಚುನಾಯಿತ ರಾಷ್ಟ್ರಪತಿ ಇರಲಿಲ್ಲ. ಆದರೂ, ಅಧಿಕಾರವನ್ನು ಯಾರಿಂದ ಪಡೆಯಬೇಕು, ಯಾರಿಗೆ ಒಪ್ಪಿಸಬೇಕು ಎಂಬ ಸಂಶಯ ಯಾರಿಗೂ ಬರಲಿಲ್ಲ. 65ನೆಯ ವಿಧಿಯ ಮಹತ್ವ ಇಲ್ಲಿ ಕಾಣುತ್ತದೆ.

ಮುಂದಿನ ತಿಂಗಳು ಹೊಸ ಮಂತ್ರಿಮಂಡಲವು ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಬೇಕೆಂದು ಸಲಹೆ ಮಾಡಿತು. ಜತ್ತಿಯವರು ಮೊದಲು ಹಿಂಜರಿದರು. ಏಪ್ರಿಲ್ 30ರಂದು ಸಹಿ ಹಾಕಿದರು. ಸಲಹೆಗೆ ರಾಷ್ಟ್ರಪತಿ ಬದ್ಧರೆಂದು 1976ರ 42ನೆಯ ತಿದ್ದುಪಡಿ ಸ್ಪಷ್ಟಪಡಿಸಿದ್ದಿತು. 1978ರ 44ನೆಯ ತಿದ್ದುಪಡಿಯು, ಸಲಹೆಯನ್ನು ಒಂದು ಬಾರಿ ಮರುಪರಿಶೀಲನೆಗೆ ಕಳಿಸುವ ಅವಕಾಶವನ್ನು ರಾಷ್ಟ್ರಪತಿಗೆ ಕೊಟ್ಟಿತು. ಜುಲೈ 25ರಂದು ಸಂಜೀವ ರೆಡ್ಡಿಯವರು, ಈ ಸಾರಿ ಅವಿರೋಧವಾಗಿ ಆರಿಸಿಬಂದು, ಅಧಿಕಾರ ವಹಿಸಿಕೊಂಡರು. ಆರು ತಿಂಗಳ ಗಡುವಿಗೆ ಇನ್ನೂ ಎರಡು ವಾರಕ್ಕಿಂತ ಹೆಚ್ಚು ಉಳಿದಿತ್ತು. ಅಲ್ಲಿಂದೀಚೆಗೆ ಜುಲೈ 25 ನಮ್ಮ ರಾಷ್ಟ್ರಪತಿಗಳು ಅಧಿಕಾರ ಸ್ವೀಕರಿಸುವ ದಿನವಾಗಿಯೇ ನಡೆದುಬಂದಿದೆ.

ಇವೆಲ್ಲ ಹಳೆಯ ಕತೆಗಳೆಂದು ಯಾರೂ ಭಾವಿಸಬೇಕಾಗಿಲ್ಲ. 2025ರ ಜುಲೈ 21ರಂದು ಉಪರಾಷ್ಟ್ರಪತಿ ಜಗದೀಪ್ ಧನಕರ್ ಅವರು ರಾಜೀನಾಮೆಯಿತ್ತರು. ಅವರ ಸ್ಥಾನಕ್ಕೆ ಸಿ. ಪಿ. ರಾಧಾಕೃಷ್ಣನ್ ಅವರು ಬಂದುದು ಸೆಪ್ಟೆಂಬರ್ 12ರಂದು. ನಡುವಣ ಏಳೆಂಟು ವಾರ ನಮ್ಮ ಗಣರಾಜ್ಯದ ಪೀಠಕ್ಕೆ 1969ರ ಆ ಚಿಕ್ಕ ಕಾನೂನೊಂದೇ ಹಿಂಬದಿಯ ಊರುಗೋಲಾಗಿತ್ತು. ಅದು ಬೇಕಾಗಲಿಲ್ಲ. ಬೇಕಾಗಿದ್ದರೆ ಒದಗುತ್ತಿತ್ತು.

ಈಗ ಮೊದಲಿನ ಆಕ್ಷೇಪಣೆಗೆ ಉತ್ತರ ಹೇಳಬಹುದು. ರಾಷ್ಟ್ರಪತಿಗೆ ಸ್ವಂತ ಅಧಿಕಾರ ಅಲ್ಪವೆಂಬುದು ನಿಜ. ಆದರೆ ಸುಗ್ರೀವಾಜ್ಞೆಗೆ, ಮಸೂದೆಗೆ, ಪ್ರಧಾನಮಂತ್ರಿಯ ನೇಮಕಕ್ಕೆ, ಸಭೆಗಳ ವಿಸರ್ಜನೆಗೆ ಆ ಕೈಯ ಸಹಿ ಬೇಕು. ಸಹಿ ಹಾಕುವ ಹಕ್ಕು ಯಾರದೆಂದು ಒಂದು ದಿನ ಜಗಳವಾದರೆ, ಬ್ಯಾಂಕಿನಲ್ಲಿ ಹಣವಿಟ್ಟ ಸಾಮಾನ್ಯನಿಂದ ಗಡಿ ಕಾಯುವ ಸೈನಿಕನವರೆಗೆ ಎಲ್ಲರಿಗೂ ಅದರ ಬಿಸಿ ತಟ್ಟುತ್ತದೆ. ಯಾರು ಕುಳಿತರೂ ಪೀಠದ ಮರ್ಯಾದೆ ಒಂದೇ ಆಗಿರಬೇಕಾದರೆ, ಕುಳಿತುಕೊಳ್ಳುವ ಕ್ರಮ ಮೊದಲೇ ಗೊತ್ತಾಗಿರಬೇಕು. ಈ ವಿಧಿಗಳು ಆ ಕ್ರಮವನ್ನು ಗೊತ್ತುಮಾಡಿ ಇಟ್ಟಿವೆ. ಅವುಗಳಲ್ಲಿ ತೂತುಗಳಿಲ್ಲವೆಂದಲ್ಲ; ಒಂದನ್ನು ಮುಚ್ಚುವುದಕ್ಕೆ ಹತ್ತೊಂಬತ್ತು ವರ್ಷ ಬೇಕಾಯಿತೆಂಬುದನ್ನು ನೋಡಿದೆವು. ಇನ್ನೆಲ್ಲಿ ತೂತಿದೆ ಎಂದು ಹುಡುಕುವ ಕೆಲಸ ನಮ್ಮಂಥ ವಿದ್ಯಾರ್ಥಿಗಳದೂ ಹೌದು. 52ರಿಂದ 71ರವರೆಗಿನ ವಿಧಿಗಳು ಹತ್ತು ಪುಟವೂ ಆಗಲಾರವು. ಮಿತ್ರರು ಪರೀಕ್ಷೆಯ ಅಂಜಿಕೆಯನ್ನು ಬದಿಗಿಟ್ಟು ಒಂದು ಸಂಜೆ ಅವನ್ನು ಬಿಡಿಸಿ ಓದಿದರೆ, ಒಂದೊಂದು ವಿಧಿಯ ಪಕ್ಕದಲ್ಲಿ ಅದು ಕೆಲಸಕ್ಕೆ ಬಂದ ತಾರೀಖನ್ನು ಪೆನ್ಸಿಲಿನಲ್ಲಿ ಬರೆದುಕೊಂಡರೆ, ಈ ಲೇಖನದ ಶ್ರಮ ಸಾರ್ಥಕವಾಯಿತೆಂದು ತಿಳಿಯುತ್ತೇನೆ.